ಗುಗ್ಗರಿಯವರ ನೀರು

ಕಾಯ್ದೆ ಬಂದ ವರ್ಷ ಬನಹಟ್ಟಿಯ ಬ್ಲಾಗುಗಳೆಲ್ಲ ಅಡುಗೆ ಬರೆಯತೊಡಗಿದವು.

ಅದಕ್ಕೂ ಮೊದಲು ಆ ನೇಕಾರರ ಊರಿನಲ್ಲಿ ಬರೆಯುವವರೇನೂ ಕಡಿಮೆಯಿರಲಿಲ್ಲ. ಒಬ್ಬರು ರಸ್ತೆಯ ಗುಂಡಿಗಳ ಬಗ್ಗೆ ಬರೆದರೆ ಇನ್ನೊಬ್ಬರು ನೂಲಿನ ದರದ ಬಗ್ಗೆ ಬರೆಯುತ್ತಿದ್ದರು. ಯಾರ ಬಗ್ಗೆಯೂ ಅಲ್ಲವೆಂಬಂತೆ ಎಲ್ಲರ ಬಗ್ಗೆಯೂ ಬರೆಯುವ ಒಬ್ಬ ನಿವೃತ್ತ ಮಾಸ್ತರರೂ ಇದ್ದರು. ಕಾಯ್ದೆ ಬಂದದ್ದೇ ತಡ, ಎಲ್ಲರ ಪುಟಗಳಲ್ಲೂ ಮಾದೇಲಿ, ಜೋಳದ ವಡೆ, ಕೆಂಪು ಖಾರ ಕಾಣಿಸಿಕೊಂಡವು. ಅದೂ ಕ್ಷೇಮವಲ್ಲವೆಂದು ತಿಳಿದದ್ದು ಮಾಸ್ತರರಿಗೆ ನೋಟಿಸು ಬಂದಾಗ. ಅವರು ಬರೆದಂತೆಯೇ ಖಾರ ಅರೆದು ತಿಂದ ವಿಜಯಪುರದ ಓದುಗನೊಬ್ಬ ಹೊಟ್ಟೆಹುಣ್ಣು ಕೆರಳಿ ಆಸ್ಪತ್ರೆ ಸೇರಿದ್ದ. ಅಂದಿನಿಂದ ಮಾಸ್ತರರು ದಿನಕ್ಕೊಂದು ಹೂವಿನ ಚಿತ್ರ ಹಾಕಿ ಸುಮ್ಮನಾದರು.

ಇದೆಲ್ಲ ಸಾಧ್ಯವಾದದ್ದು ಕೈಪಟ್ಟಿಯಿಂದ. ಆರೋಗ್ಯ ವಿಮೆಗೆಂದು ಮೊದಲೇ ಎಲ್ಲರ ಮಣಿಕಟ್ಟಿನ ಮೇಲೆ ಬಂದು ಕುಳಿತಿದ್ದ ಆ ಪಟ್ಟಿ ನಾಡಿ ನೋಡುತ್ತಿತ್ತು, ಬೆವರು ಅಳೆಯುತ್ತಿತ್ತು, ಹೋದ ಜಾಗವನ್ನೂ ಕೊಂಡ ಸಾಮಾನನ್ನೂ ಬಲ್ಲದಾಗಿತ್ತು. ಒಂದು ಬರಹ ಓದುವಾಗ ಮನುಷ್ಯನ ನಾಡಿ ಹೇಗೆ ಓಡಿತು, ಓದಿದ ಮೇಲೆ ಅವನು ಏನು ಮಾಡಿದ, ಯಾರಿಗೆ ಹೇಳಿದ, ಕೇಳಿದವರು ಏನು ಮಾಡಿದರು, ಇವನ್ನೆಲ್ಲ ಒಂದಕ್ಕೊಂದು ಗಂಟು ಹಾಕುವ ಲೆಕ್ಕವನ್ನು ಯಾರೋ ಕಂಡುಹಿಡಿದರು. ಆ ಗಂಟುಗಳನ್ನು ತೆರೆಯ ಮೇಲೆ ಹರವಿದರೆ ಮರದಂತೆ ಕಾಣುತ್ತಿತ್ತು. ಬುಡದಲ್ಲಿ ಬರಹ, ತುದಿಯಲ್ಲಿ ಎಲೆಗಳು. ಒಂದೊಂದು ಎಲೆಯೂ ಒಬ್ಬ ಮನುಷ್ಯ ಮಾಡಿದ ಒಂದು ಕೆಲಸ. ಜನ ಅದನ್ನು ಜಾಡುಮರ ಎಂದು ಕರೆದರು.

ಕಾಯ್ದೆ ಹೇಳಿದ್ದು ಇಷ್ಟೇ: ಬ್ಲಾಗು ಬರೆಯುವವರು ಹೆಬ್ಬೆರಳಿನ ಮುದ್ರೆಯೊತ್ತಿಯೇ ಪ್ರಕಟಿಸಬೇಕು, ಆ ಮರದ ಪ್ರತಿ ಎಲೆಗೂ ಅವರೇ ಹೊಣೆ. ಬರಹದ ಕೆಳಗೆ ಬೇರೆಯವರು ಬರೆಯುವ ಪ್ರತಿಕ್ರಿಯೆಗಳಿಗೂ ಅವರೇ ಹೊಣೆ. ನಿಜ ಬರೆದವರಿಗೆ ರಕ್ಷಣೆ ಇತ್ತು. ಆದರೆ ಹೆಸರು ಹೇಳಿ, ಪುರಾವೆ ತೆರೆದಿಟ್ಟು ಬರೆದವರಿಗೆ ಮಾತ್ರ. ತಪ್ಪಿತಸ್ಥರಾದವರಿಗೆ ಅಕ್ಷರಬಂಧ. ಆಮೇಲೆ ಯಾವ ತೆರೆಯೂ ಆ ಹೆಬ್ಬೆರಳನ್ನು ಒಪ್ಪುವುದಿಲ್ಲ. ನಾಲ್ಕು ಜನರಿಗೆ ಕಾಣುವಂತೆ ಒಂದು ಮದುವೆಯ ಶುಭಾಶಯ ಕೂಡ ಬರೆಯುವಂತಿಲ್ಲ, ಬದುಕಿರುವ ತನಕ.

ನೀಲಾಂಬಿಕಾ ತೇರದಾಳ ಅಡುಗೆ ಬರೆಯಲಿಲ್ಲ. ಬಿ.ಎಸ್‌ಸಿ. ಮುಗಿಸಿ ಮನೆಯ ಪಡಸಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ಆಕೆಯದು ಮಾತು ಕಡಿಮೆ. ಹಿಂದಿನ ಕೋಣೆಯಲ್ಲಿ ಗಂಡ ಮುರಿಗೆಪ್ಪನ ಮಗ್ಗಗಳು ಖಟಖಟ ಎನ್ನುವಾಗ ಆಡಿದ ಮಾತು ಹೇಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಹೇಳಬೇಕಾದದ್ದನ್ನು ಬರೆಯುವುದು ರೂಢಿಯಾಗಿತ್ತು. ಬ್ಲಾಗಿನ ಹೆಸರು 'ಕಟ್ಟಿ ಮಾತು'.

ಆ ಬೇಸಿಗೆಯಲ್ಲಿ ಪಾಠಕ್ಕೆ ಬರುವ ಮಕ್ಕಳಿಗೆ ಒಬ್ಬೊಬ್ಬರಾಗಿ ಬಾಯಲ್ಲಿ ಹುಣ್ಣು, ಹೊಟ್ಟೆಯಲ್ಲಿ ಮುರಿತ ಶುರುವಾಯಿತು. ಕೇಳಿ ನೋಡಿದರೆ ಎಲ್ಲರ ಮನೆಗೂ ಶುಭಗಂಗೆ ಘಟಕದ ಶುದ್ಧ ನೀರು. ಘಟಕದ ಮಾಲೀಕ ಚನಮಲ್ಲಪ್ಪ ಇಂಚಗೇರಿ ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ದೊಡ್ಡ ಬಣ್ಣದ ಮನೆಯ ಸಾಹುಕಾರನೂ ಹೌದು. ಮುರಿಗೆಪ್ಪ ನೇಯುವ ನೂಲು ಬಣ್ಣವಾಗಿ ಬರುತ್ತಿದ್ದದ್ದು ಅಲ್ಲಿಂದಲೇ. ನೀಲಾ ಗಂಡನ ಗಾಡಿಯ ಹಿಂದೆ ಕುಳಿತು ಹೋಗಿ ಘಟಕದ ನಳದಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬಂದಳು. ಬೆಳಗಾವಿಯ ಪ್ರಯೋಗಾಲಯಕ್ಕೆ ಕಳಿಸಿದಳು. ಅಲ್ಲಿಂದ ಬಂದ ಉತ್ತರ ಸ್ಪಷ್ಟವಾಗಿತ್ತು. ಬಣ್ಣದ ರಾಸಾಯನಿಕ ಕೊಳವೆಬಾವಿಗೆ ಇಳಿದಿದೆ, ಮತ್ತು ಆ ನೀರು ಯಾವ ಜರಡಿಯನ್ನೂ ದಾಟದೆ ನೇರ ನಳಕ್ಕೆ ಬರುತ್ತಿದೆ.

ಬರೆದಳು. ಆದರೆ ಹೆಸರು ಬರೆಯುವ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಒಲೆಯ ಮೇಲೆ ಕಡಲೆ, ಹೆಸರುಕಾಳು ಕುದಿಯುತ್ತಿದ್ದವು, ಮಕ್ಕಳಿಗೆಂದು ಇಟ್ಟ ಗುಗ್ಗರಿ. ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ 'ನಮ್ಮ ಸೀಮೆಯ ಗುಗ್ಗರಿ ಎಂಬ ಮಾಲೀಕರ ನೀರಿನ ಘಟಕದಲ್ಲಿ' ಎಂದು ಬರೆದು ಹೆಬ್ಬೆರಳು ಒತ್ತಿದಳು. ಊರಿನವರಿಗೆ ಅರ್ಥವಾಗುತ್ತದೆ, ಕೋರ್ಟಿಗೆ ಅರ್ಥವಾಗುವುದಿಲ್ಲ ಎಂದುಕೊಂಡಳು. ಬೇರೆ ಯಾವ ಸೀಮೆಯಲ್ಲಾದರೂ ಆ ಲೆಕ್ಕ ಸರಿಹೋಗುತ್ತಿತ್ತೇನೋ. ಆದರೆ ಈ ಕಡೆ ಉಳ್ಳಾಗಡ್ಡಿಯಿಂದ ಮೆಣಸಿನಕಾಯಿಯ ತನಕ ಅಡ್ಡಹೆಸರಾಗದ ವಸ್ತುವೇ ಇಲ್ಲ. ಹೊಳೆಯ ಆಚೆ ಶಿವಪುತ್ರ ಗುಗ್ಗರಿ ಎಂಬವನೊಬ್ಬನಿದ್ದ. ಅವನಿಗೊಂದು ಸಣ್ಣ ನೀರಿನ ಘಟಕವೂ ಇತ್ತು.

ಅವನ ಹೆಂಡತಿ ಒಂದು ಮುಂಜಾನೆ ಪಾಠದ ಹೊತ್ತಿಗೆ ಬಂದಳು. ಕಂಕುಳಲ್ಲಿ ತುಂಬಿದ ಸ್ಟೀಲಿನ ಕೊಡ. ಹೊಸ್ತಿಲಾಚೆ ನಿಂತು ಕೇಳಿದಳು:

"ಬ್ಲಾಗ್ ಬರಿಯೋ ನೀಲಕ್ಕಾರ ನೀವೇನ್ರಿ?"

"ಹೌದ್ರಿ. ಒಳಗ ಬರ್ರಿ. ನೀವು?"

"ನಾ ಕಸ್ತೂರಿ ಗುಗ್ಗರಿ."

ನೀಲಾ ಮಕ್ಕಳನ್ನು ಮನೆಗೆ ಕಳಿಸಿದಳು. ಕಸ್ತೂರಿ ಕೊಡ ಇಳಿಸಿ, ಕುಡಿಯಲು ಒಂದು ವಾಟಗ ಕೇಳಿ ಪಡೆದು, ನೀರು ಬಗ್ಗಿಸಿ ಮೊದಲು ತಾನು ಕುಡಿದಳು. ಮತ್ತೊಮ್ಮೆ ತುಂಬಿ ಮುಂದೆ ಹಿಡಿದಳು.

"ಈಗ ನೀವು ಕುಡೀರಿ."

ನೀಲಾ ಕುಡಿದಳು.

"ಏನರ ಕೆಟ್ಟ ರುಚಿ ಐತೇನ್ರಿ?"

"ಇಲ್ಲ."

"ಮತ್ತ ನಮ್ಮ ಹೆಸರ ಯಾಕ ಬರದ್ರಿ?"

"ಅದು ನಿಮ್ಮ ಹೆಸರಂತ ನನಗ ಗೊತ್ತಿರಲಿಲ್ಲವಾ. ಯಾರಿಗೂ ತಾಗಬಾರದಂತ ಕಟ್ಟಿಕೊಂಡ ಹೆಸರು."

"ಕಟ್ಟಿಕೊಳ್ಳಾಕ ನಿಮಗ ಬ್ಯಾರೆ ಏನೂ ಸಿಗಲಿಲ್ಲೇನ್ರಿ? ಆನಿ, ಒಂಟಿ ಅಂತ ಏನರ ಇಡಬೇಕಿತ್ತು."

ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದ ಮುರಿಗೆಪ್ಪ ತಡೆಯಲಾರದೆ ಅಂದುಬಿಟ್ಟ: "ಆನಿ ಅನ್ನೋರೂ ಅದಾರವಾ. ನಮ್ಮ ಅತ್ತಿ ಮನಿ ಬಾಜೂಕ."

ಕಸ್ತೂರಿ ನಗಲಿಲ್ಲ. ಯಾರೂ ನಗಲಿಲ್ಲ. ಮುರಿಗೆಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಒಳಗೆ ಹೋದ.

"ಮೊದಲ ಮಂದಿ ಬರೂದು ಬಿಟ್ಟ್ರು," ಕಸ್ತೂರಿ ಹೇಳಿದಳು. "ಆಮ್ಯಾಲ ಯಾರೋ ಬಂದು ನಳ ಮುರದು ಹೋದ್ರು. ಗ್ವಾಡಿ ಮ್ಯಾಲ 'ವಿಷ' ಅಂತ ಬರದ್ರು. ಅವತ್ತಿನಿಂದ ನಮ್ಮ ಮನಿಯವರು ಮಾತಾಡೂದs ಬಿಟ್ಟಾರ್ರಿ. ಉಣ್ತಾರ, ಮಲಗ್ತಾರ, ಘಟಕದ ಮುಂದ ಹೋಗಿ ಕುಂಡ್ರತಾರ. ಮಾತಿಲ್ಲ. ನಾವು ಕೇಸ್ ಹಾಕೇವಿ, ನಿಮಗ ನೋಟಿಸ್ ಬಂದಿರಬೇಕು. ನಾವು ಗೆದ್ರ ನಿಮ್ಮ ಬೆರಳ ಹೋಕೈತಿ. ಹೋಗಲಿ, ನನಗೇನೂ ಸಂಕಟಿಲ್ಲ. ಆದ್ರ ಆಮ್ಯಾಲೂ ನಮ್ಮ ನೀರ ಯಾರ ಕುಡಿತಾರ ಹೇಳ್ರಿ?"

 ಕಸ್ತೂರಿ ಸ್ವಲ್ಪ ಹೊತ್ತು ಕಾದಳು. ಉಳಿದ ನೀರನ್ನು ಅಂಗಳದ ತುಳಸಿಗೆ ಸುರಿದು, ಖಾಲಿ ಕೊಡ ಎತ್ತಿಕೊಂಡು ಹೋದಳು.

ವಿಚಾರಣೆಗೆ ಮುಂಚೆ ಬರೆದವರು ತಮ್ಮ ಮರವನ್ನು ತಾವೇ ನೋಡಬೇಕೆಂಬುದು ನಿಯಮ. ಅದಕ್ಕೆಂದು ಧಾರವಾಡದಲ್ಲಿ ಪರಿಣಾಮ ಕೇಂದ್ರವಿತ್ತು. ಕಿಟಕಿಯಿಲ್ಲದ ತಣ್ಣನೆಯ ಕೋಣೆ, ಗೋಡೆಯಗಲದ ತೆರೆ. ಯಂತ್ರ ನೋಡಿಕೊಳ್ಳುವ ಜಿನದತ್ತ ಉಪಾಧ್ಯೆ ಎಂಬ ಮಧ್ಯವಯಸ್ಸಿನ ಮನುಷ್ಯ ಸ್ವೆಟರು ಹಾಕಿಕೊಂಡು ಕುಳಿತಿದ್ದ.

"ಚಹಾ ಕುಡೀರಿ ಮೊದಲ," ಅಂದ. "ಇಲ್ಲಿಗೆ ಬಂದವರು ಮರಾ ನೋಡಿದ ಮ್ಯಾಲೆ ಕುಡಿಯೂದಿಲ್ಲ. ಸುಮ್ಮನ ಕೆಟ್ಟು ಹೋಗತದ."

ತೆರೆ ಬೆಳಗಿತು. ಬುಡದಲ್ಲಿ ನೀಲಾಳ ಬರಹ. ಅದರಿಂದ ಮೇಲೆದ್ದ ಕಾಂಡ ಎರಡಾಗಿ ಒಡೆದಿತ್ತು. ಒಂದು ತೆಳ್ಳಗಿನ ಕೊಂಬೆ ಶುಭಗಂಗೆಯ ಕಡೆ ಹೋಗಿ ಬೇಗನೆ ಬತ್ತಿತ್ತು. ಅರ್ಥ ಮಾಡಿಕೊಂಡ ಕೆಲವೇ ಮನೆಗಳು ಅಲ್ಲಿಂದ ನೀರು ತರುವುದು ಬಿಟ್ಟಿದ್ದವು. ಆ ಮನೆಗಳ ಮಕ್ಕಳ ಹೊಟ್ಟೆನೋವು ಇಳಿದದ್ದೂ ಕೈಪಟ್ಟಿಗಳಲ್ಲಿ ದಾಖಲಾಗಿತ್ತು.

"ಇದನ್ನ ನನ್ನ ಕಡೆ ಹಿಡೀತಾರೇನ್ರಿ?"

"ಇಲ್ರಿ. ಆದ ಒಳ್ಳೇದನ್ನ ಹಿಡಿಯಾಕ ಕಾಯ್ದೆದಾಗ ಜಾಗಾ ಇಲ್ಲ. ಯಂತ್ರಕ್ಕ ಕಾಣ್ತದ, ಕಾನೂನಿಗೆ ಕಾಣೂದಿಲ್ಲ."

ಇನ್ನೊಂದು ಕೊಂಬೆ ಆಲದಂತೆ ಹಬ್ಬಿತ್ತು. ಎಲೆಗಳೆಲ್ಲ ಕೆಂಪು. ಜಿನದತ್ತ ಒಂದೊಂದನ್ನೇ ತೆರೆದು ತೋರಿಸಿದ. ಒಬ್ಬಳು ಗುಗ್ಗರಿಯವರ ನೀರು ಚೆಲ್ಲಿದ್ದು. ಒಬ್ಬ ಇನ್ನೊಬ್ಬನಿಗೆ ಸಂತೆಯಲ್ಲಿ ಹೇಳಿದ್ದು. ಇಬ್ಬರು ಸೇರಿ ನಳ ಮುರಿದದ್ದು. ಗೋಡೆಗೆ ಬಣ್ಣ ಬಳಿದದ್ದು. ಶಿವಪುತ್ರ ಗುಗ್ಗರಿಯ ಎಲೆ ಒಂದು ಬದಿಗಿತ್ತು. ಅದರಲ್ಲಿ ಕೆಲಸವೇನೂ ಇರಲಿಲ್ಲ, ದಿನದಿನಕ್ಕೂ ನಿಧಾನವಾಗುತ್ತಿದ್ದ ನಾಡಿಯ ಗೆರೆ ಮಾತ್ರ.

"ಇಷ್ಟು ದಪ್ಪ ಕೊಂಬಿ ಹ್ಯಾಂಗ ಬೆಳೀತು?" ನೀಲಾ ಕೇಳಿದಳು. "ನಾ ಊರಿನ ಹೆಸರು ಬರದಿರಲಿಲ್ಲ."

ಜಿನದತ್ತ ಕೊಂಬೆಯ ಬುಡಕ್ಕೆ ಹೋದ. ಅಲ್ಲಿ ಒಂದು ಪ್ರತಿಕ್ರಿಯೆ ಇತ್ತು. ಬರಹ ಪ್ರಕಟವಾದ ದಿನವೇ ಯಾರೋ ಕೆಳಗೆ ಬರೆದಿದ್ದ: 'ಹೊಳಿ ಆಚಿ ಗುಗ್ಗರಿಯವರದs ಇರಬೇಕು, ನಮಗ ಮೊದಲs ಸಂಶೇ ಇತ್ತು.' ಅದರ ಪಕ್ಕದಲ್ಲಿ ಬೇರೆ ಬಣ್ಣದ ಒಂದು ಎಲೆ ಅಂಟಿಕೊಂಡಿತ್ತು.

"ಇದು ಯಾರದು?"

ಆತ ಚಹಾದ ಲೋಟ ಕೆಳಗಿಟ್ಟ. "ನಿಮ್ಮದs ರಿ."

ಅವಳ ಕೈಪಟ್ಟಿ ಎಲ್ಲವನ್ನೂ ಹೇಳಿತ್ತು. ಆ ಪ್ರತಿಕ್ರಿಯೆಯನ್ನು ನೀಲಾ ಅಂದೇ ಓದಿದ್ದಳು. ಓದುವಾಗ ನಾಡಿ ಹಾರಿತ್ತು. ಉತ್ತರ ಬರೆಯಲು ಪೆಟ್ಟಿಗೆ ತೆರೆದಿದ್ದಳು. ಒಂದಕ್ಷರವೂ ಬರೆಯದೆ ಮುಚ್ಚಿದ್ದಳು. ಫೋನು ಪಕ್ಕಕ್ಕಿಟ್ಟು ಎದ್ದು ಹೋದ ಮೇಲೆ ನಾಡಿ ಮೆಲ್ಲಗೆ ತನ್ನ ಜಾಗಕ್ಕೆ ಬಂದಿತ್ತು.

ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಂಥ ಮಾತು ತಾನಾಗಿಯೇ ಸಾಯುತ್ತದೆ ಎಂದುಕೊಂಡಿದ್ದಳು. ಅಲ್ಲ ಎಂದರೆ ಮತ್ತಾರು ಎಂದು ಕೇಳುತ್ತಾರೆ, ಆಗ ಇಂಚಗೇರಿಯ ಹೆಸರು ಬಾಯಿಗೆ ಬರುತ್ತದೆ ಎಂಬ ಹೆದರಿಕೆ ಅದರ ಅಡಿಯಲ್ಲಿತ್ತು. ಬದುಕಿನುದ್ದಕ್ಕೂ ಸುಮ್ಮನಿರುವುದನ್ನು ಸಭ್ಯತೆ ಎಂದು ತಿಳಿದುಕೊಂಡಿದ್ದ ಆಕೆ, ಸುಮ್ಮನಿದ್ದ ಆ ಗಳಿಗೆಯಿಂದಲೇ ಇಷ್ಟು ದೊಡ್ಡ ಕೊಂಬೆ ಒಡೆದದ್ದನ್ನು ಕಣ್ಣಾರೆ ನೋಡುತ್ತ ನಿಂತಳು.

"ಈಗ ಏನು ದಾರಿ?"

"ಎರಡು ಅದಾವ," ಅಂದ ಜಿನದತ್ತ. "ಬರಹ ವಾಪಸ್ ತಗೊಳ್ರಿ. ಎಲ್ಲಾರ ಫೋನಿನಿಂದಲೂ ಅಳಿಸಿ ಹೋಗತದ. ವಾಪಸ್ ತಗೊಂಡವರಿಗೆ ಅಕ್ಷರಬಂಧ ಹಾಕಂಗಿಲ್ಲ. ತಾಕೀತು ಮಾಡಿ ಬಿಡತಾರ. ನೂರಕ್ಕ ತೊಂಬತ್ತು ಮಂದಿ ಇದನ್ನs ಮಾಡೂದು."

"ಅಳಿಸಿದ್ರ ಗುಗ್ಗರಿಯವರ ಘಟಕ ತೆರೀತದೇನ್ರಿ?"

"ಇಲ್ಲ. ಮಂದಿ ತಲಿಯೊಳಗಿನದನ್ನ ಅಳಿಸಾಕ ನಮ್ಮ ಕಡೆ ಯಂತ್ರ ಇಲ್ಲ."

"ಇನ್ನೊಂದು?"

"ತಿದ್ದುಪಡಿ. ಅದು ಅದs ಮರಾ ಹತ್ತಿ ಪ್ರತಿ ಎಲೀಗೂ ಹೋಗತದ. ಓದದs ಮುಂದ ಹೋಗಾಕ ಫೋನ್ ಬಿಡೂದಿಲ್ಲ. ಆದ್ರ ಅದು ಹೊಸಾ ಪ್ರಕಟಣೆ ಇದ್ದಂಗ. ಹೊಸಾ ಮುದ್ರಿ, ಹೊಸಾ ಹೊಣಿ. ಅದನ್ನ ವಾಪಸ್ ತಗೊಳ್ಳಾಕ ಬರಂಗಿಲ್ಲ. ವಿಚಾರ ಮಾಡಿ ಬರ್ರಿ, ನಾಡದು ತನಕ ಟೈಮ್ ಅದ. ಬರದು ತಂದ್ರ ಮುನ್ನೋಟ ತೋರಸ್ತೇನಿ, ಎಲ್ಲಿ ಕೊಂಬಿ ಒಡೀತದ ಅಂತ."

ಮನೆಗೆ ಬಂದಾಗ ಸಂಜೆಯಾಗಿತ್ತು. ಮುರಿಗೆಪ್ಪ ಮಗ್ಗದ ಎಳೆ ಕೂಡಿಸುತ್ತಿದ್ದ. ಆಕೆ ಎಲ್ಲವನ್ನೂ ಹೇಳಿದಳು, ತನ್ನ ಎಲೆಯ ವಿಷಯ ಸಮೇತ. ಅವನು ತಲೆ ಎತ್ತದೆ ಕೇಳಿದ.

"ವಾಪಸ್ ತಗೊಂಡ್ರ ಎಲ್ಲಾ ಮುಗೀತದ ಅಂದ್ರಲಾ?"

"ನಮ್ಮದು ಮುಗೀತದ."

"ಮತ್ತ?"

"ಮತ್ತ ಏನಿಲ್ಲ. ಹುಡುಗರು ಅದs ನೀರು ಕುಡಿತಾವ. ಆ ಹೆಣ್ಣಮಗಳ ಗಂಡ ಹಂಗs ಕುಂತಿರತಾನ."

ಮುರಿಗೆಪ್ಪ ಒಂದು ಎಳೆ ಕಡಿದ. "ಇಂಚಗೇರಿ ಸಾಹುಕಾರ ನೂಲು ನಿಂದರಸತಾನ."

"ಗೊತ್ತೈತಿ."

"ಗೊತ್ತಿದ್ದ ಕೇಳಾಕತ್ತೀಯೇನು?"

"ಕೇಳಾಕತ್ತಿಲ್ಲ. ಹೇಳಾಕತ್ತೇನಿ. ನನ್ನ ಪುರಾವೆದಾಗ ಒಂದ ತೂತೈತಿ. ಆ ನೀರು ಅವರ ನಳದ್ದು ಅನ್ನಾಕ ಸಾಕ್ಷಿ ಇಲ್ಲ. ನಾ ಒಬ್ಬಾಕೀನ ತುಂಬೇನಿ."

 ಅವನು ಎಳೆಗಳ ತುದಿಗಳನ್ನು ಬೆರಳಲ್ಲಿ ಹೊಸೆದು ಗಂಟು ಹಾಕುತ್ತ ಹೋದ. ಸುಮ್ಮನಿರುವುದರಲ್ಲಿ ಗಂಡಹೆಂಡಿರಿಬ್ಬರೂ ಒಬ್ಬರಿಗೊಬ್ಬರು ಸೋತವರಲ್ಲ. ಆದರೆ ಅಂದು ನೀಲಾ ಎದ್ದು ಹೋಗಲಿಲ್ಲ. ಅಲ್ಲೇ ನಿಂತಳು. ಕೊನೆಗೆ ಅವನೇ ಅಂದ:

"ಗಾಡಿ ಮ್ಯಾಲ ಕುಂತಾಂವ ಯಾರು? ನಿಮ್ಮಪ್ಪೇನು? ಬಾಟಲಿ ಬೂಚು ಹಾಕಿ ಕೊಟ್ಟಾಂವ ನಾನs ಅಲ್ಲ? ನನ್ನ ಹೆಸರೂ ಬರಿ."

"ನೂಲು?"

"ಬಣ್ಣ ಇಲ್ಲದ ನೂಲೂ ಇರತೈತಿ. ಬಿಳೀದು ನೇಯಾಕ ನನಗ ಬರೂದಿಲ್ಲೇನು?" ಅಂದವನು, ಸ್ವಲ್ಪ ತಡೆದು, "ಚಹಾ ಮಾಡು. ತಲಿ ನೋಯಾಕತ್ತೈತಿ," ಅಂದ.

ಮರುದಿನ ಮುಂಜಾನೆಯ ಬಸ್ಸಿಗೆ ಆಕೆ ಧಾರವಾಡಕ್ಕೆ ಹೊರಟಳು. ದಾರಿಯಲ್ಲೇ ಎರಡು ತಿದ್ದುಪಡಿಗಳನ್ನು ಬರೆದಳು. ಎರಡನೆಯದು ಸಿದ್ಧವಿದ್ದರೂ ಮೊದಲನೆಯದನ್ನು ಮುನ್ನೋಟಕ್ಕೆ ಕೊಟ್ಟಳು. ಅದರಲ್ಲಿ ಇದ್ದದ್ದು ಇಷ್ಟೇ: 'ಗುಗ್ಗರಿ ಎಂಬುದು ಕಟ್ಟಿಕೊಂಡ ಹೆಸರು. ಶಿವಪುತ್ರ ಗುಗ್ಗರಿಯವರ ಘಟಕಕ್ಕೂ ನನ್ನ ಬರಹಕ್ಕೂ ಸಂಬಂಧವಿಲ್ಲ.'

ತೆರೆಯ ಮೇಲೆ ಕೆಂಪು ಕೊಂಬೆ ನಿಧಾನವಾಗಿ ಬಾಡಿತು. ನೀಲಾಳ ಎದೆ ಹಗುರಾಗುವಷ್ಟರಲ್ಲಿ ಕಾಂಡದ ಇನ್ನೊಂದು ಕಡೆ ಹೊಸದೊಂದು ಕುಡಿ ಒಡೆಯಿತು. ದಪ್ಪವಾಯಿತು. ಬೇರೊಂದು ಓಣಿಯ ಕಡೆ ಬಾಗಿತು.

"ಇದು ಯಾರ ಮನಿಗೆ ಹೊಂಟೈತಿ?"

ಜಿನದತ್ತ ಹೆಸರು ತೆರೆದ. ಮಸೀದಿ ಓಣಿಯಲ್ಲಿ ನೀರು ಮಾರುವ ಒಬ್ಬ ವಿಧವೆ. ಆಕೆಯ ಘಟಕದಲ್ಲಿ ಯಾವ ದೋಷವೂ ಇರಲಿಲ್ಲ.

"ಮಂದಿ ಹಿಂಗs ನೋಡ್ರಿ," ಅಂದ ಆತ. "ನೀವು ಖಾಲಿ ಬಿಟ್ಟ ಜಾಗಾದಾಗ ಅವರು ತಮಗ ಬೇಕಾದವರನ್ನ ಕುಂಡರಸತಾರ. ಇಷ್ಟು ವರ್ಷ ನೋಡೇನಿ, ಖಾಲಿ ಅಂತೂ ಉಳಿಯೂದಿಲ್ಲ."

ನೀಲಾ ಎರಡನೆಯದನ್ನು ಕೊಟ್ಟಳು. ಅದು ಉದ್ದವಿತ್ತು. ಶುಭಗಂಗೆಯ ಹೆಸರಿತ್ತು, ಮಾಲೀಕರ ಹೆಸರಿತ್ತು. ನೀರು ತುಂಬಿದ ನಳ, ಜೊತೆಗಿದ್ದ ಗಂಡ, ಪ್ರಯೋಗಾಲಯದ ಪೂರ್ತಿ ಫಲಿತಾಂಶ ಇದ್ದವು. ಯಾರಿಗೆ ಸಂಶಯವಿದ್ದರೂ ಅದೇ ನಳದಿಂದ ಮತ್ತೆ ನೀರು ತೆಗೆಸಿ ನೋಡಬಹುದು ಎಂದಿತ್ತು. ಕೊನೆಯಲ್ಲಿ, ಹೆದರಿ ಹೆಸರು ಮುಚ್ಚಿದ್ದು ತಾನು, ತಪ್ಪು ಹೆಸರು ಹಬ್ಬುವುದನ್ನು ಕಂಡೂ ಸುಮ್ಮನಿದ್ದವಳು ತಾನು, ಗುಗ್ಗರಿಯವರಿಗೆ ಆದದ್ದಕ್ಕೆ ಕೋರ್ಟು ಏನು ಹೇಳಿದರೂ ಒಪ್ಪುತ್ತೇನೆ ಎಂದು ಬರೆದಿದ್ದಳು.

ಯಂತ್ರ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಈ ಸಲ ಒಂದೇ ಕೊಂಬೆ ಎದ್ದಿತು. ನೇರವಾಗಿ ಶುಭಗಂಗೆಗೆ ಹೋಯಿತು. ಆಚೀಚೆ ಯಾವ ಕುಡಿಯೂ ಇರಲಿಲ್ಲ. ಹೊಳೆಯಾಚೆಯ ಕೆಂಪೆಲ್ಲ ಉದುರಿ ಕೆಲವು ಜನ ಕೊಡ ಹಿಡಿದು ಗುಗ್ಗರಿಯವರ ಘಟಕದ ದಾರಿ ಹಿಡಿಯುವುದೂ ಕಾಣಿಸಿತು. ಎಲ್ಲರೂ ಅಲ್ಲ, ಕೆಲವರು. ಆದರೆ ಶುಭಗಂಗೆಯಿಂದ ಒಂದು ದಪ್ಪ ಬೇರು ಹಿಂದಿರುಗಿ ಬಂದು ಬುಡವನ್ನೇ ಸುತ್ತಿಕೊಂಡಿತ್ತು. ಬುಡದಲ್ಲಿದ್ದದ್ದು ನೀಲಾಂಬಿಕಾ ತೇರದಾಳ ಎಂಬ ಹೆಸರು.

"ಶುಭಗಂಗೆಯವರು ನಿಮ್ಮನ್ನ ಬಿಡೂದಿಲ್ರಿ, ಕೇಸ್ ಹಾಕತಾರ," ಜಿನದತ್ತ ಮೆಲ್ಲಗೆ ಹೇಳಿದ. "ಪುರಾವೆ ನಿಂತ್ರ ಆ ಕೇಸಿನಾಗ ಉಳೀತೀರಿ. ನಿಲ್ಲಲಿಲ್ಲಂದ್ರ ಬೆರಳ ಹೋಗತದ. ನಿಂತ್ರೂ ಗುಗ್ಗರಿಯವರ ಕೇಸು ಬ್ಯಾರೆ ಅದ. ಪುರಾವೆ ನಿಲ್ಲತದೋ ಇಲ್ಲೋ ಅದು ಯಂತ್ರಕ್ಕ ಗೊತ್ತಾಗೂದಿಲ್ಲ. ಅದು ಮಂದೀನ ಓದತದ, ಜಡ್ಜ್ ಸಾಹೇಬರನ್ನ ಓದಂಗಿಲ್ಲ."

"ಮುದ್ರಿ ಎಲ್ಲಿ ಒತ್ತಬೇಕ್ರಿ?"

"ಇನ್ನೂ ಒಂದು ದಿನ ಟೈಮ್ ಅದ."

"ನಾಳೆ ಮುಂಜಾನೆ ಹುಡುಗರು ಮತ್ತ ಆ ನೀರು ಕುಡಿತಾವ. ಎಲ್ಲಿ ಒತ್ತಬೇಕು ಹೇಳ್ರಿ."

ಆತ ಸಣ್ಣ ಗಾಜಿನ ಪಟ್ಟಿಯನ್ನು ಮುಂದೆ ಸರಿಸಿದ. ನೀಲಾ ಸೆರಗಿನಿಂದ ಹೆಬ್ಬೆರಳು ಒರೆಸಿ ಒತ್ತಿದಳು. ಗಾಜು ತಣ್ಣಗಿತ್ತು.

ಹಿಂದಿರುಗುವ ಬಸ್ಸು ತುಂಬಿತ್ತು. ಲೋಕಾಪುರ ದಾಟುವಾಗ ಒಂದು ಫೋನು ಕಿಣಿಗುಟ್ಟಿತು, ಅದರ ಹಿಂದೆಯೇ ಇನ್ನೊಂದು. ಹಾಲಿನ ಕ್ಯಾನು ಕಾಲಸಂದಿಯಲ್ಲಿಟ್ಟುಕೊಂಡಿದ್ದವನು ಫೋನು ತೆಗೆದ. ಎದುರು ಸೀಟಿನ ಇಬ್ಬರು ಹೆಂಗಸರು ಒಂದೇ ತೆರೆಯ ಮೇಲೆ ಬಗ್ಗಿದರು. ಓದದೆ ಮುಂದೆ ಹೋಗಲು ಫೋನು ಬಿಡುತ್ತಿರಲಿಲ್ಲ. 

"ಯವ್ವಾ, ಗುಗ್ಗರಿ ಶಿವಪುತ್ರಂದ ಅಲ್ಲಂತ," ಒಬ್ಬಳು ಅಂದಳು. "ಪಾಪ, ಅವನ ನಳ ಮುರದ್ರಲ್ಲೇ."

"ಯಾರ ಬರದಾರ ಇದನ್ನ? ಹೆಂಗಸಿನ ಹೆಸರೈತಿ ನೋಡು."

"ಗಟ್ಟಿ ಹೆಣ್ಣಮಗಳು."

"ಗಟ್ಟಿ ಅಲ್ಲs, ಹುಚ್ಚಿ. ಇಂಚಗೇರಿ ಸಾಹುಕಾರನ ಹೆಸರ ಬರದಾಳ."

ನೀಲಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಫೋನು ರಿಂಗಾಯಿತು. ತೆರೆಯ ಮೇಲೆ ಕಂಡ ಹೆಸರನ್ನು ನೋಡಿ ಎತ್ತಿದಳು.

"ನೀಲವ್ವಾ, ನಾ ಚನಮಲ್ಲಪ್ಪ." ಧ್ವನಿ ಮೃದುವಾಗಿತ್ತು, ಮನೆಯ ಹಿರಿಯರು ಮಾತಾಡಿಸಿದಂತೆ. "ನಿನ್ನ ಬ್ಲಾಗಿಗೆ ಯಾರೋ ಕನ್ನಾ ಹಾಕ್ಯಾರವಾ. ನನ್ನ ಹೆಸರ ತುರುಕಿ ಬಿಟ್ಟಾರ. ನೀ ಅಂಥಾಕಿ ಅಲ್ಲ, ನನಗ ಗೊತ್ತೈತಿ. ಮುರಿಗೆಪ್ಪನೂ ನಮ್ಮ ಮನಿ ಹುಡುಗ ಇದ್ದಂಗ. ಇದನ್ನ ನಾ ಬರದಿಲ್ಲ ಅಂತ ಒಂದ ಮಾತ ಅಂದ್ರ ಸಾಕು, ಮುಂದಿಂದು ನಮ್ಮ ವಕೀಲರು ನೋಡ್ಕೋತಾರ. ಏನಂತಿ?"

 ಆ ಕಡೆ ಆತ ಕಾಯುತ್ತಿದ್ದ. ಅವಳ ಸುಮ್ಮನಿರುವಿಕೆಯನ್ನೇ ಒಪ್ಪಿಗೆಯೆಂದು ಎತ್ತಿಕೊಳ್ಳಲು ಸಿದ್ಧನಾಗಿದ್ದ.

"ಹಂಗಾದ್ರ ಹಂಗs ಅಂತ ತಿಳೀಲೇನವಾ?"

"ಇಲ್ರಿ ಸಾಹುಕಾರ," ನೀಲಾ ಅಂದಳು. ಬಸ್ಸಿನ ಸದ್ದಿಗೆ ತನ್ನ ಮಾತು ಆತನಿಗೆ ಕೇಳಿಸಲಿಕ್ಕಿಲ್ಲವೆಂದು ಎದ್ದು ನಿಂತು, ಕಂಬ ಹಿಡಿದು, ಪಾಠದ ಕೋಣೆಯಲ್ಲಿ ಕೊನೆಯ ಸಾಲಿನ ಮಕ್ಕಳಿಗೂ ತಲುಪುವಷ್ಟು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು. "ಯಾರೂ ಕನ್ನಾ ಹಾಕಿಲ್ಲ. ಬರದಾಕಿ ನಾನs."

ಇಬ್ಬರು ಹೆಂಗಸರೂ ಫೋನಿನಿಂದ ತಲೆ ಎತ್ತಿ ಅವಳತ್ತ ತಿರುಗಿದರು.